ಸೂಜಿ ಚುಚ್ಚಿದರೆ ಮುಚ್ಚಿಡಬೇಡಿ

ಮಗುವಿಗೆ ಜ್ವರ ಬಂದರೆ, ಅತ್ತೆಯವರಿಗೆ ಸಕ್ಕರೆ ಕಾಯಿಲೆ ಹೆಚ್ಚಾದರೆ ನಾವು ಮೊದಲು ಓಡುವುದು ಊರಿನ ಕ್ಲಿನಿಕ್ಕಿಗೆ. ಡಾಕ್ಟರು ಒಳಗಿನ ಕೋಣೆಯಲ್ಲಿ ಕೂತಿರುತ್ತಾರೆ. ಅವರನ್ನು ಕಾಣುವ ಮುಂಚೆ ಹೆಸರು ಬರೆದುಕೊಳ್ಳುವವಳು, ತೂಕ ನೋಡುವವಳು, ಬಿ.ಪಿ. ಪಟ್ಟಿ ಕಟ್ಟುವವಳು, ಆಮೇಲೆ ಇಂಜೆಕ್ಷನ್ ಕೊಡುವವಳು, ಗಾಯ ತೊಳೆದು ಡ್ರೆಸಿಂಗ್ ಮಾಡುವವಳು, ಎಲ್ಲರೂ ಹೋದ ಮೇಲೆ ನೆಲ ಒರೆಸುವವಳು, ಇವರೆಲ್ಲ ಯಾರು ಹೇಳಿ? ಹೆಚ್ಚಿನವರು ಹೆಣ್ಣುಮಕ್ಕಳೇ. ನಮ್ಮ ಬೀದಿಯವರು, ಪಕ್ಕದ ಹಳ್ಳಿಯವರು, ಎಷ್ಟೋ ಸಲ ನಮ್ಮ ಮನೆಯವರೇ.

"ನೋವಾಗದಂಗೆ ಇಂಜೆಕ್ಷನ್ ಕೊಡವ್ವ" ಅಂತ ಅವರಿಗೆ ಹೇಳುತ್ತೇವೆ. ಅದೇ ಸೂಜಿ ಅವರ ಬೆರಳಿಗೆ ಚುಚ್ಚಿದರೆ ಅವರ ಗತಿ ಏನು ಅಂತ ನಮ್ಮಲ್ಲಿ ಎಷ್ಟು ಜನ ಕೇಳುತ್ತೇವೆ? ರೋಗಿಯ ಆರೋಗ್ಯದ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತದೆ. ಆರೈಕೆ ಮಾಡುವವಳ ಆರೋಗ್ಯದ ಬಗ್ಗೆ ಈ ಸಲ ನಾಲ್ಕು ಮಾತು ಆಡೋಣ.

ನಮ್ಮ ಮೂರು ಊರು

ಮಂಡ್ಯದಲ್ಲಿ ಮಿಮ್ಸ್ ಎಂದು ಕರೆಯುವ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ದೊಡ್ಡ ಆಸ್ಪತ್ರೆ ಇದೆ. ಅದಲ್ಲದೆ ನರ್ಸಿಂಗ್ ಹೋಮುಗಳು, ರಕ್ತ ಪರೀಕ್ಷೆಯ ಲ್ಯಾಬುಗಳು, ಹಲ್ಲಿನ ಆಸ್ಪತ್ರೆಗಳು ಬೇಕಾದಷ್ಟಿವೆ. ಮದ್ದೂರು ಬೆಂಗಳೂರು-ಮೈಸೂರು ದಾರಿಯಲ್ಲಿರುವ ಊರು. ರಸ್ತೆಯಲ್ಲಿ ಬಿದ್ದು ಪೆಟ್ಟು ಮಾಡಿಕೊಂಡವರು ಬರುತ್ತಲೇ ಇರುತ್ತಾರೆ. ಮಳವಳ್ಳಿಗೆ ಸುತ್ತಲ ಹಳ್ಳಿಗಳಿಂದ ಕಬ್ಬು ಕಡಿಯುವಾಗ ಮಚ್ಚು ತಗುಲಿಸಿಕೊಂಡವರು, ಆಲೆಮನೆಯಲ್ಲಿ ಬಿಸಿ ಪಾಕ ಬಿದ್ದು ಸುಟ್ಟುಕೊಂಡವರು ಬರುತ್ತಾರೆ. ರಕ್ತ, ಕೀವು, ಕಫ ಇವುಗಳ ಜೊತೆಗೇ ಕೆಲಸ.

ಜಿ.ಎನ್.ಎಂ. ಕೋರ್ಸು ಓದಿ ಬಂದ ನರ್ಸುಗಳಿಗೆ ಜೋಪಾನದ ಕ್ರಮಗಳು ಪಾಠದಲ್ಲೇ ಬಂದಿರುತ್ತವೆ. ಆದರೆ ಚಿಕ್ಕ ಕ್ಲಿನಿಕ್ಕುಗಳಿಗೆ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮುಗಿಸಿದ ಹುಡುಗಿಯರೂ ಸೇರುತ್ತಾರೆ. 2023ರ ಜೂನ್‌ನಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದ ಶಕ್ತಿ ಯೋಜನೆ ಬಂದಮೇಲೆ ಹಳ್ಳಿಯಿಂದ ಬಂದು ಹೋಗುವುದೂ ಸಲೀಸಾಯಿತು. ಇವರು ಮೊದಲು ಚೀಟಿ ಬರೆಯುತ್ತಾರೆ, ಆಮೇಲೆ ಟ್ರೇ ಹಿಡಿಯುತ್ತಾರೆ, ಆರು ತಿಂಗಳಿಗೆ ಕೈಗೆ ಸಿರಿಂಜೂ ಬರುತ್ತದೆ. ತರಬೇತಿ ಇಲ್ಲದವರ ಕೈಲಿ ಇಂಜೆಕ್ಷನ್ ಕೊಡಿಸುವುದೇ ಸರಿಯಲ್ಲ. ಕೊಡದಿದ್ದರೂ ಬಳಸಿದ ಸೂಜಿ ಎತ್ತುವುದು, ಟ್ರೇ ತೊಳೆಯುವುದು, ಕಸ ಕಟ್ಟುವುದು ಇವರ ಪಾಲಿಗೇ ಬರುತ್ತದಲ್ಲ? ಅಪಾಯ ಇರುವುದೂ ಅಲ್ಲೇ.

ಒಂದು ಸೂಜಿಯಲ್ಲಿ ಏನಿದೆ?

ರೋಗಿಗೆ ಚುಚ್ಚಿದ ಸೂಜಿಯ ತೂತಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಉಳಿದಿರುತ್ತದೆ. ಆ ರೋಗಿಗೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಅಥವಾ ಎಚ್.ಐ.ವಿ. ಇದ್ದರೆ ಅದು ಚುಚ್ಚಿಸಿಕೊಂಡವಳಿಗೂ ದಾಟಬಹುದು. ನಮ್ಮಲ್ಲಿ ಎಚ್.ಐ.ವಿ. ಎಂದರೆ ಎದೆ ಝಲ್ಲೆನ್ನುತ್ತದೆ. ಆದರೆ ಲೆಕ್ಕ ನೋಡಿ. ಎಚ್.ಐ.ವಿ. ಇರುವವರಿಗೆ ಬಳಸಿದ ಸೂಜಿ ಸಾವಿರ ಸಲ ಚುಚ್ಚಿದರೆ ಸೋಂಕು ತಗಲುವುದು ಸುಮಾರು 3 ಸಲ. ಹೆಪಟೈಟಿಸ್ ಬಿ ಇರುವವರ ಸೂಜಿಯಾದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ನೂರಕ್ಕೆ 6ರಿಂದ 30 ಸಲ! ಈ ರೋಗಾಣು ಒಣಗಿದ ರಕ್ತದ ಕಲೆಯಲ್ಲೂ ಏಳು ದಿನ ಜೀವ ಹಿಡಿದಿರಬಲ್ಲದು. ಹೆಚ್ಚು ಹೆದರಬೇಕಾದದ್ದಕ್ಕೆ ನಾವು ಹೆದರುವುದೇ ಇಲ್ಲ.

ಹೆಪಟೈಟಿಸ್ ಬಿ ಎಂದರೆ ಲಿವರ್‌ಗೆ ತಗಲುವ ಒಂದು ಬಗೆಯ ಕಾಮಾಲೆ ರೋಗ. ಕೆಲವರಲ್ಲಿ ತಾನಾಗಿ ವಾಸಿಯಾಗುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಒಳಗೇ ಕೂತು ಲಿವರ್ ಹಾಳು ಮಾಡುತ್ತದೆ, ಕ್ಯಾನ್ಸರ್‌ಗೂ ದಾರಿಯಾಗಬಹುದು. ಸಂತೋಷದ ಸಂಗತಿ ಎಂದರೆ ಇದಕ್ಕೆ ಒಳ್ಳೆಯ ಲಸಿಕೆ ಇದೆ.

ಮೊದಲು ಮೂರು ಚುಚ್ಚುಮದ್ದು

ಈಗಿನ ಕೂಸುಗಳಿಗೆ ಹುಟ್ಟಿದ ದಿನದಿಂದಲೇ ಹೆಪಟೈಟಿಸ್ ಬಿ ಲಸಿಕೆ ಹಾಕುತ್ತಾರೆ. ಆದರೆ ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಇದು ದೇಶಕ್ಕೆಲ್ಲ ಬಂದದ್ದು 2011ರ ಹೊತ್ತಿಗೆ. ಅದಕ್ಕೆ ಮುಂಚೆ ಹುಟ್ಟಿ ಇವತ್ತು ಕೆಲಸಕ್ಕೆ ಹೋಗುತ್ತಿರುವ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಬಿದ್ದೇ ಇಲ್ಲ.

ದೊಡ್ಡವರಿಗೆ ಮೂರು ಡೋಸು. ಇವತ್ತು ಒಂದು, ಒಂದು ತಿಂಗಳಿಗೆ ಎರಡನೆಯದು, ಮೊದಲನೆಯದರಿಂದ ಆರು ತಿಂಗಳಿಗೆ ಮೂರನೆಯದು. ಎರಡು ಹಾಕಿಸಿ ಮೂರನೆಯದನ್ನು ಮರೆಯುವುದು ನಮ್ಮ ಜನರ ಅಭ್ಯಾಸ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ತಾರೀಕು ಗುರುತು ಹಾಕುವ ಹಾಗೆ, ಇದನ್ನೂ ಗುರುತು ಹಾಕಿ ಇಡಿ. ಕೊನೆಯ ಡೋಸು ಆದ ಒಂದೆರಡು ತಿಂಗಳಿಗೆ ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಮೈಯಲ್ಲಿ ರಕ್ಷಣೆ ಬಂದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಇದರ ಜೊತೆಗೆ ಟಿ.ಟಿ. ಎಂದು ನಾವು ಕರೆಯುವ ಧನುರ್ವಾಯು ಚುಚ್ಚುಮದ್ದೂ ಇರಬೇಕು.

ಇದು ಯಾರೋ ದಯೆ ತೋರಿಸಿ ಕೊಡಿಸುವುದಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ, ಆಸ್ಪತ್ರೆಯ ಕಸ ಮುಟ್ಟುವ ಎಲ್ಲ ಸಿಬ್ಬಂದಿಗೂ ಈ ಎರಡು ಲಸಿಕೆ ಹಾಕಿಸುವುದು ಕ್ಲಿನಿಕ್ ನಡೆಸುವವರ ಜವಾಬ್ದಾರಿ. ಕೆಲಸಕ್ಕೆ ಸೇರಿದಾಗ ಮತ್ತು ವರ್ಷಕ್ಕೊಮ್ಮೆ ತರಬೇತಿ, ಹಾಗೇ ಆರೋಗ್ಯ ತಪಾಸಣೆ ಕೂಡ ಆಗಬೇಕು. ಹಾಸಿಗೆ ಇಲ್ಲದ ಸಣ್ಣ ಕ್ಲಿನಿಕ್ಕಿಗೂ ಈ ನಿಯಮ ಅನ್ವಯಿಸುತ್ತದೆ.

ಮುಚ್ಚಳ ಹಾಕುವ ಚಾಳಿ

ಬೇರೆಯವರಿಗೆ ಚುಚ್ಚಿದ ಸೂಜಿ ನಮಗೆ ಚುಚ್ಚುವುದು ಯಾವಾಗ? ಇಂಜೆಕ್ಷನ್ ಕೊಟ್ಟಾದ ಮೇಲೆ ಸೂಜಿಗೆ ಪ್ಲಾಸ್ಟಿಕ್ ಮುಚ್ಚಳ ತಿರುಗಿ ಹಾಕಲು ಹೋದಾಗ. ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈಯಲ್ಲಿ ಪುಟ್ಟ ಮುಚ್ಚಳ. ಹೊರಗೆ ಹತ್ತು ಜನ "ಬೇಗ ಆಗಲಿ ಸಿಸ್ಟರ್" ಅನ್ನುತ್ತಿರುತ್ತಾರೆ. ಗುರಿ ಒಂದು ನೂಲು ತಪ್ಪಿದರೆ ಬೆರಳಿಗೆ. ಮುಚ್ಚಿ ಇಡುವುದು ಅಚ್ಚುಕಟ್ಟು ಎಂದು ಮನೆಯಲ್ಲಿ ಕಲಿತಿದ್ದೇವೆ. ಇಲ್ಲಿ ಮಾತ್ರ ಆ ಅಚ್ಚುಕಟ್ಟು ಬೇಡ. ಬಳಸಿದ ಸೂಜಿಗೆ ಮುಚ್ಚಳ ಹಾಕಲೇಬಾರದು.

ಸೂಜಿ ಕತ್ತರಿಸುವ ಒಂದು ಪುಟ್ಟ ಯಂತ್ರ ಬರುತ್ತದೆ. ಇಂಜೆಕ್ಷನ್ ಕೊಟ್ಟ ಜಾಗದಲ್ಲೇ, ಕೈಗೆ ಎಟುಕುವಂತೆ ಅದನ್ನು ಇಟ್ಟುಕೊಳ್ಳಬೇಕು. ಯಾರು ಸೂಜಿ ಬಳಸಿದರೋ ಅವರೇ ಅದನ್ನು ಅಲ್ಲಿಗೆ ಹಾಕಿ ಮುಗಿಸಬೇಕು. "ತಗೋ, ಬಿಸಾಕು" ಅಂತ ಆಯಾ ಕೈಗೆ ಕೊಡುವುದಾಗಲಿ, ಟ್ರೇನಲ್ಲಿ ಹತ್ತಿಯ ಕೆಳಗೆ ಬಿಡುವುದಾಗಲಿ ಕೂಡದು. ಗಾಜಿನ ಆಂಪೂಲ್ ಮುರಿಯುವಾಗ ಕುತ್ತಿಗೆಯ ಸುತ್ತ ಹತ್ತಿ ಅಥವಾ ಗಾಜ್ ಬಟ್ಟೆ ಸುತ್ತಿ ಮುರಿದರೆ ಬೆರಳು ಕುಯ್ಯುವುದಿಲ್ಲ.

ತಾಯಂದಿರಿಗೂ ಇಲ್ಲಿ ಕೆಲಸವಿದೆ. ಮಗುವಿಗೆ ಚುಚ್ಚುಮದ್ದು ಹಾಕಿಸುವಾಗ ತೊಡೆಯ ಮೇಲೆ ಕೂರಿಸಿಕೊಂಡು ಕೈಕಾಲು ಭದ್ರವಾಗಿ ಹಿಡಿಯಿರಿ. ಮಗು ಕೊಸರಾಡಿದಾಗ ಸೂಜಿ ಸಿಸ್ಟರಿಗೆ ಚುಚ್ಚಬಹುದು, ನಿಮಗೂ ಚುಚ್ಚಬಹುದು.

ಚುಚ್ಚಿಬಿಟ್ಟರೆ?

ಇಷ್ಟೆಲ್ಲ ಎಚ್ಚರಿಕೆ ಇದ್ದೂ ಚುಚ್ಚಿತು ಅನ್ನಿ. ಕ್ರಮವಾಗಿ ಹೀಗೆ ಮಾಡಬೇಕು:

1. ಗಾಬರಿಯಾಗದೆ ಕೈಲಿದ್ದದ್ದನ್ನು ಕೆಳಗಿಟ್ಟು, ಹರಿಯುವ ನೀರಿನಲ್ಲಿ ಸೋಪು ಹಾಕಿ ಗಾಯ ತೊಳೆಯಿರಿ. ರಕ್ತ ತಾನಾಗಿ ಬಂದರೆ ಬರಲಿ, ಹಿಂಡಬೇಡಿ. ಉಜ್ಜಬೇಡಿ. ಬೆರಳನ್ನು ಬಾಯಿಗೆ ಇಟ್ಟುಕೊಳ್ಳಲೇಬೇಡಿ.

2. ಸ್ಪಿರಿಟ್, ಬ್ಲೀಚಿಂಗ್ ನೀರು, ಅರಿಶಿನ, ಸುಣ್ಣ ಏನೂ ಹಾಕಬೇಡಿ. ಸೋಪು ನೀರು ಸಾಕು.

3. ಕಣ್ಣಿಗೆ ರಕ್ತ ಸಿಡಿದರೆ ರೆಪ್ಪೆ ಬಿಡಿಸಿ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ. ಬಾಯಿಗೆ ಬಿದ್ದರೆ ಉಗಿದು, ಹಲವು ಸಲ ಮುಕ್ಕಳಿಸಿ.

4. ಕೂಡಲೇ ಡಾಕ್ಟರಿಗೆ ತಿಳಿಸಿ. ಸೂಜಿ ಯಾವ ರೋಗಿಗೆ ಬಳಸಿದ್ದು, ಎಷ್ಟು ಗಂಟೆಗೆ ಚುಚ್ಚಿತು ಎಂದು ಬರೆದಿಡಿ. ಆ ರೋಗಿ ಒಪ್ಪಿದರೆ ಅವರ ರಕ್ತ ಪರೀಕ್ಷೆ ಆಗಬೇಕು. ನಿಮ್ಮದೂ ಆ ದಿನವೇ ಆಗಬೇಕು.

5. ಎಚ್.ಐ.ವಿ. ಶಂಕೆ ಇದ್ದರೆ ತಡೆಯುವ ಔಷಧಿ ಇದೆ. ಎರಡು ಗಂಟೆಯೊಳಗೆ ಶುರು ಮಾಡಿದರೆ ಉತ್ತಮ. 72 ಗಂಟೆ, ಅಂದರೆ ಮೂರು ದಿನ ದಾಟಿದರೆ ಉಪಯೋಗವಿಲ್ಲ. ಒಟ್ಟು 28 ದಿನ, ಒಂದು ದಿನವೂ ಬಿಡದೆ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಅದಕ್ಕೂ ಬೇರೆ ಚುಚ್ಚುಮದ್ದಿದೆ. ಅದು 24 ಗಂಟೆಯೊಳಗೆ ಬಿದ್ದರೆ ಒಳ್ಳೆಯದು.

ಎರಡು ಗಂಟೆ ಎಂದರೆ ಕಡಿಮೆಯೇನಲ್ಲ. ಮದ್ದೂರಿನಿಂದ ಮಂಡ್ಯಕ್ಕೆ ಸುಮಾರು 20 ಕಿಲೋಮೀಟರು, ಮಳವಳ್ಳಿಯಿಂದ ಮೂವತ್ತು ಚಿಲ್ಲರೆ. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಅಲ್ಲಿ ಔಷಧಿ ಇಲ್ಲವೆಂದರೆ ಬಸ್ಸಿನಲ್ಲಿ ಹೊರಟರೂ ಹೊತ್ತಿಗೆ ಸರಿಯಾಗಿ ಮಂಡ್ಯದ ದೊಡ್ಡಾಸ್ಪತ್ರೆ ಮುಟ್ಟಬಹುದು. ಸಂಶಯವಿದ್ದರೆ 1097 ಎಂಬ ಉಚಿತ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು. ಬಸುರಿಯರು, ಹಾಲೂಡಿಸುವವರು "ನಮಗೆ ಈ ಔಷಧಿ ಆಗುವುದಿಲ್ಲ" ಎಂದು ತಾವೇ ತೀರ್ಮಾನ ಮಾಡಿಕೊಳ್ಳಬಾರದು. ಡಾಕ್ಟರನ್ನು ಕೇಳಿ ಅವರೂ ತೆಗೆದುಕೊಳ್ಳಬಹುದು.

ಮುಚ್ಚಿಡುವುದೇಕೆ?

ದಾರಿ ಇಷ್ಟು ಸುಲಭವಾಗಿದ್ದರೂ ಹುಡುಗಿಯರು ಬಾಯಿ ಬಿಡುವುದಿಲ್ಲ. ನಮಗೆ ತಿಳಿದ ಒಂದು ಮನೆಯ ಹುಡುಗಿಯದೇ ಮಾತು. ಮುಚ್ಚಳ ಹಾಕುವಾಗ ಸೂಜಿ ಚುಚ್ಚಿತ್ತು. ಸ್ಪಿರಿಟ್ ಹತ್ತಿ ಒತ್ತಿಕೊಂಡು ಸುಮ್ಮನಾದಳು. ಡಾಕ್ಟರು ಬೈದಾರು, ಕೆಲಸ ಬಿಡಿಸಿಯಾರು ಅನ್ನುವುದು ಒಂದು ಹೆದರಿಕೆ. ಆ ವಾರವೇ ಹೆಣ್ಣು ನೋಡಲು ಬರುವವರಿದ್ದರು, ರಕ್ತ ಪರೀಕ್ಷೆ ಸುದ್ದಿ ಹೊರಗೆ ಹೋದರೆ ಗತಿ ಏನು ಅನ್ನುವುದು ಇನ್ನೊಂದು. "ಏನವ್ವ, ಮುದ್ದೆ ಮುರಿದು ಹಂಗೇ ಕೂತಿದ್ದೀಯ?" ಅಂತ ತಾಯಿ ಕೇಳಿದಾಗಲೂ "ಏನೂ ಇಲ್ಲ ಬುಡವ್ವ" ಅಂದಳಂತೆ. ನಾಲ್ಕನೆಯ ದಿನ ಅತ್ತುಬಿಟ್ಟಳು. ಅಷ್ಟು ಹೊತ್ತಿಗೆ ಮೂರು ದಿನದ ಗಡುವು ಮುಗಿದಿತ್ತು. ಆಮೇಲೆ ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಪರೀಕ್ಷೆ. ಏನೂ ತಗಲಿರಲಿಲ್ಲ, ದೇವರು ದೊಡ್ಡವನು. ಆದರೆ ಆ ಆರು ತಿಂಗಳು ತಾಯಿ ಮಗಳು ಇಬ್ಬರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುತ್ತಾರಲ್ಲ, ಹಾಗೆ. ಹೇಳಿದ್ದರೆ ಒಂದು ಗಂಟೆಯ ಕೆಲಸ. ಸೂಜಿ ಚುಚ್ಚುವುದು ನಡತೆಯ ತಪ್ಪಲ್ಲ, ಅದು ಕೆಲಸದಲ್ಲಿ ಆಗುವ ಅಪಘಾತ. ಮನೆಯವರು ಇದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. "ಮಾನ ಹೋಯ್ತು" ಅಂತ ತಲೆ ಚಚ್ಚಿಕೊಳ್ಳುವ ತಾಯಿಗೆ ಯಾವ ಮಗಳು ನಿಜ ಹೇಳಿಯಾಳು?

ಕಾನೂನೂ ಹುಡುಗಿಯ ಕಡೆಗೇ ಇದೆ. 2017ರಲ್ಲಿ ಆದ ಎಚ್.ಐ.ವಿ. ಕಾಯಿದೆ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಸೋಂಕು ತಗಲುವ ಅಪಾಯವಿರುವ ಕೆಲಸಗಾರರಿಗೆ ಗ್ಲೌಸು ಮುಂತಾದ ರಕ್ಷಣೆ, ತರಬೇತಿ, ಚುಚ್ಚಿದ ಮೇಲೆ ಕೊಡುವ ಔಷಧಿ ಇವನ್ನು ಒದಗಿಸುವುದು ಆಸ್ಪತ್ರೆಯವರ ಕರ್ತವ್ಯ ಎಂದು ಅದು ಹೇಳುತ್ತದೆ. ಸೋಂಕು ಇದೆಯೆಂದು ಭೇದ ಮಾಡಿ ಕೆಲಸದಿಂದ ತೆಗೆಯುವ ಹಾಗಿಲ್ಲ. ಕ್ಲಿನಿಕ್ ನಡೆಸುವವರು ಗೋಡೆಗೆ ಒಂದು ಕಾಗದ ಅಂಟಿಸಿ, ಚುಚ್ಚಿದರೆ ಯಾರಿಗೆ ಹೇಳಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಬರೆದಿಟ್ಟರೆ ಅರ್ಧ ಭಯ ಹೋಗುತ್ತದೆ. ಹೇಳಿದವಳನ್ನು ಬೈಯದಿದ್ದರೆ ಉಳಿದರ್ಧವೂ ಹೋಗುತ್ತದೆ.

ಗ್ಲೌಸು ಹುಟ್ಟಿದ ಕತೆ, ಬಳೆಯ ಮಾತು

ಡಾಕ್ಟರುಗಳ ರಬ್ಬರ್ ಗ್ಲೌಸು ಮೊದಲು ಬಂದದ್ದು ರೋಗಿಗಾಗಿ ಅಲ್ಲ, ಒಬ್ಬ ನರ್ಸಿನ ಕೈಗಾಗಿ ಎಂದರೆ ನಂಬುತ್ತೀರಾ? ಅಮೆರಿಕದ ಬಾಲ್ಟಿಮೋರ್ ಊರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸು ಇದ್ದರು. ಆಪರೇಷನ್ನಿಗೆ ಮುಂಚೆ ಕೈ ತೊಳೆಯುವ ಖಾರವಾದ ಔಷಧಿಯಿಂದ ಅವರ ಕೈಚರ್ಮ ಸುಲಿದು ಹೋಗುತ್ತಿತ್ತು. ಡಾಕ್ಟರ್ ವಿಲಿಯಂ ಹಾಲ್‌ಸ್ಟೆಡ್ ಎಂಬವರು 1889-90ರ ಹೊತ್ತಿನಲ್ಲಿ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ಅವರಿಗಾಗಿ ತೆಳು ಗ್ಲೌಸು ಮಾಡಿಸಿದರು. 1890ರಲ್ಲಿ ಇಬ್ಬರೂ ಮದುವೆಯಾದರು ಎನ್ನುವುದು ಬೇರೆ ಕತೆ! ಕೆಲಸ ಮಾಡುವವಳ ಕೈ ಕಾಯಲು ಹೊರಟದ್ದು ಆಮೇಲೆ ರೋಗಿಯನ್ನೂ ಕಾಯಿತು. ಇಬ್ಬರ ಕ್ಷೇಮವೂ ಒಂದೇ ದಾರದಲ್ಲಿ ಪೋಣಿಸಿದೆ.

ಗ್ಲೌಸು ಒಬ್ಬ ರೋಗಿಗೆ ಒಂದು ಜೊತೆ. ತೊಳೆದು ಮತ್ತೆ ಹಾಕಬಾರದು. ಗ್ಲೌಸು ಹಾಕಿದ ಕೈಯಲ್ಲೇ ಫೋನ್ ಹಿಡಿಯುವುದು, ಬಾಗಿಲು ತೆಗೆಯುವುದು ಬೇಡ. ತೆಗೆದ ಮೇಲೆ ಕೈ ತೊಳೆಯಲೇಬೇಕು. ಸೋಪು ನೀರಾದರೆ 40ರಿಂದ 60 ಸೆಕೆಂಡು, ಅಂಗೈ, ಹಿಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರ ತುದಿ ಎಲ್ಲ ಸೇರಿಸಿ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು. ಕೈಯಲ್ಲಿ ಗಾಯವಿದ್ದರೆ ನೀರು ಇಳಿಯದ ಪಟ್ಟಿ ಹಾಕಿಕೊಂಡೇ ಕೆಲಸಕ್ಕೆ ಹೋಗಬೇಕು. ದಿನವಿಡೀ ತೊಳೆದು ಕೈ ಬಿರುಕು ಬಿಟ್ಟರೆ ಅದೂ ಗಾಯವೇ. ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಸವರಿಕೊಳ್ಳಿ.

ಇನ್ನು ಬಳೆ. ಮುತ್ತೈದೆ ಬರಿಗೈಯಲ್ಲಿ ಇರುವುದುಂಟೇ ಎಂದು ಹಿರಿಯರು ಗದರುತ್ತಾರೆ. ಆದರೆ ಬಳೆ, ಉಂಗುರದ ಅಡಿಯಲ್ಲಿ ಸೋಪು ಹೋಗುವುದಿಲ್ಲ, ರೋಗಾಣು ಹೋಗುತ್ತದೆ. ಗಾಜಿನ ಬಳೆ ತಗುಲಿ ಗ್ಲೌಸು ಹರಿಯುತ್ತದೆ. ಕೆಲಸದ ಹೊತ್ತಿನಲ್ಲಿ ತೆಗೆದು ಒಂದು ಪುಟ್ಟ ಡಬ್ಬಿಯಲ್ಲಿಟ್ಟು, ಹೊರಡುವಾಗ ತೊಟ್ಟುಕೊಂಡರಾಯಿತು. ತಾಳಿ ಸರ ಒಳಗೆ ಸೇರಿಸಿಕೊಳ್ಳಲಿ. ಅತ್ತೆಯವರೇ ಮೊದಲು "ತೆಗೆದಿಡು ಮಗ, ಪರವಾಗಿಲ್ಲ" ಅಂದುಬಿಟ್ಟರೆ ಸೊಸೆಗೆ ಎಷ್ಟು ನೆಮ್ಮದಿ! ಕಾಲಿಗೆ ಬೆರಳು ಕಾಣುವ ಚಪ್ಪಲಿ ಬೇಡ. ಬಿದ್ದ ಸೂಜಿ ನೇರವಾಗಿ ಕಾಲಿಗೇ ಚುಚ್ಚೀತು.

ನಾಲ್ಕು ಬಣ್ಣದ ಬುಟ್ಟಿ

ನಮ್ಮ ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡುವ ಹಾಗೆ ಕ್ಲಿನಿಕ್ಕಿನಲ್ಲಿ ನಾಲ್ಕು ಬಣ್ಣ. ಹಳದಿ ಚೀಲಕ್ಕೆ ರಕ್ತ, ಕೀವು ಹತ್ತಿದ ಹತ್ತಿ, ಬ್ಯಾಂಡೇಜು, ಅವಧಿ ಮುಗಿದ ಔಷಧಿ. ಕೆಂಪಿಗೆ ಗ್ಲೌಸು, ಡ್ರಿಪ್ ನಳಿಕೆ, ಸೂಜಿ ತೆಗೆದ ಸಿರಿಂಜು. ಬಿಳಿಯ ಗಟ್ಟಿ ಡಬ್ಬಿಗೆ ಸೂಜಿ, ಬ್ಲೇಡು. ನೀಲಿಗೆ ಗಾಜಿನ ಔಷಧಿ ಬಾಟಲಿ, ಒಡೆದ ಆಂಪೂಲು. ಬಿಳಿ ಡಬ್ಬಿ ಮುಕ್ಕಾಲು ತುಂಬಿದರೆ ಮುಚ್ಚಿ ಬೇರೆ ಇಡಬೇಕು, ಕೈಯಿಂದ ಅದುಮಿ ಜಾಗ ಮಾಡಬಾರದು. ಸಂಸ್ಕರಣೆ ಮಾಡದ ಕಸವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ; ಕೊಂಡೊಯ್ಯುವ ಗಾಡಿಗೆ ಕೊಡಬೇಕು. ಪುರಸಭೆಯ ಕಸದ ಗಾಡಿಗೆ ಹಾಕಿದರೆ ಅಪಾಯ ಪೌರಕಾರ್ಮಿಕರ ಕೈಗೆ ದಾಟುತ್ತದೆ, ಅಷ್ಟೆ.

ನೆಲಕ್ಕೆ ರಕ್ತ ಬಿದ್ದರೆ ಬಟ್ಟೆ ತೆಗೆದುಕೊಂಡು ಒರೆಸಲು ಓಡಬಾರದು. ಗ್ಲೌಸು ಹಾಕಿ, ರಕ್ತದ ಮೇಲೆ ಹತ್ತಿ ಅಥವಾ ಕಾಗದ ಮುಚ್ಚಿ, ಶೇಕಡಾ 1ರ ಹೈಪೊಕ್ಲೋರೈಟ್ ದ್ರಾವಣ ಸುರಿದು, ಹತ್ತು ನಿಮಿಷವಾದರೂ ಬಿಟ್ಟು ಆಮೇಲೆ ಎತ್ತಬೇಕು. ಅಂಗಡಿಯಲ್ಲಿ ಸಿಗುವುದು ಶೇಕಡಾ 5ರದ್ದಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ದಿನ ದಿನಕ್ಕೆ ಹೊಸದಾಗಿ ಬೆರೆಸಬೇಕು, ಕಿಟಕಿ ತೆರೆದಿರಬೇಕು. ಬ್ಲೀಚಿಂಗ್ ಜೊತೆಗೆ ಕಕ್ಕಸು ತೊಳೆಯುವ ಆಸಿಡ್ ಎಂದೂ ಸೇರಿಸಬೇಡಿ. ಉಸಿರು ಕಟ್ಟಿಸುವ ವಿಷಾನಿಲ ಏಳುತ್ತದೆ. ಇದು ನಮ್ಮ ಬಚ್ಚಲುಮನೆಗೂ ಅನ್ವಯ, ನೆನಪಿಡಿ.

ಊಟದ ಡಬ್ಬಿಯನ್ನು ಲಸಿಕೆಯ ಫ್ರಿಜ್ಜಿನಲ್ಲಿ ಇಡುವುದು, ಲ್ಯಾಬಿನ ಮೇಜಿನ ಮೇಲೆ ಬಿಚ್ಚುವುದು ಬೇಡ. ಊಟಕ್ಕೆ ಒಂದು ಮೂಲೆ ಬೇರೆ ಮಾಡಿಕೊಡಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ಯೂನಿಫಾರಂ ಮನೆಗೆ ತಂದರೆ ಮಕ್ಕಳ ಬಟ್ಟೆಯ ಜೊತೆ ನೆನೆಹಾಕದೆ, ಬೇರೆಯಾಗಿ ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.

ಕೆಮ್ಮು, ಎಕ್ಸರೇ, ಬೆನ್ನು

ಕ್ಷಯದ ರೋಗಾಣು ಗಾಳಿಯಲ್ಲಿ ಬಹಳ ಹೊತ್ತು ತೇಲಾಡುತ್ತದೆ. ಕಿಟಕಿ ಮುಚ್ಚಿ ಎ.ಸಿ. ಹಾಕಿದ ಇಕ್ಕಟ್ಟು ಕೋಣೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಕಿಟಕಿ ತೆರೆದು, ಗಾಳಿ ಸಿಬ್ಬಂದಿಯ ಬೆನ್ನ ಕಡೆಯಿಂದ ಬಂದು ರೋಗಿಯನ್ನು ದಾಟಿ ಹೊರಗೆ ಹೋಗುವ ಹಾಗೆ ಕುರ್ಚಿ ಹಾಕಿಕೊಳ್ಳಬೇಕು. ಇದಕ್ಕೆ ಕಾಸು ಖರ್ಚಿಲ್ಲ. ಕೆಮ್ಮುವವರಿಗೆ ಬಾಗಿಲಲ್ಲೇ ಒಂದು ಮಾಸ್ಕು ಕೊಡಬೇಕು. ಹತ್ತಿರದಿಂದ ನೋಡಿಕೊಳ್ಳುವವಳಿಗೆ ಎನ್-95 ಇರಬೇಕು.

ರೋಗದ ಹೆಸರು ಗೊತ್ತಾದ ಮೇಲೆ ಎಚ್ಚರ ವಹಿಸಿದರಾಯಿತು ಅನ್ನುವ ಹಾಗಿಲ್ಲ. 2018ರಲ್ಲಿ ಕೇರಳದ ಪೆರಾಂಬ್ರದ ತಾಲ್ಲೂಕು ಆಸ್ಪತ್ರೆಯ ನರ್ಸು ಲಿನಿ ಪುದುಶ್ಶೇರಿ ಒಬ್ಬ ಜ್ವರದ ರೋಗಿಯನ್ನು ನೋಡಿಕೊಂಡರು. ಅದು ನಿಪಾ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಮೇ 21ರಂದು ಲಿನಿ ತೀರಿಕೊಂಡರು, ಇಬ್ಬರು ಪುಟ್ಟ ಮಕ್ಕಳನ್ನು ಬಿಟ್ಟು. ಆದ್ದರಿಂದಲೇ ಎಲ್ಲ ರೋಗಿಯ ರಕ್ತವನ್ನೂ, ಎಲ್ಲ ಕೆಮ್ಮನ್ನೂ ಸೋಂಕು ಇದ್ದೀತು ಎಂದೇ ನೋಡಬೇಕು. "ಇವರು ನಮ್ಮೂರವರೇ, ಒಳ್ಳೆ ಮನೆಯವರು" ಅನ್ನುವುದು ರೋಗಾಣುವಿಗೆ ಗೊತ್ತಿಲ್ಲ.

ಎಕ್ಸರೇ ಇರುವ ಕಡೆ ಸೀಸದ ಏಪ್ರನ್, ಮರೆಯ ಗೋಡೆ, ಎದೆಗೆ ಹಾಕುವ ಅಳತೆಯ ಬ್ಯಾಡ್ಜು ಇರಬೇಕು. ಬಸುರಾದರೆ "ಮೂರು ತಿಂಗಳು ಯಾರಿಗೂ ಹೇಳಬಾರದು" ಅನ್ನುವ ನಮ್ಮ ರೂಢಿ ಇಲ್ಲಿ ಒಳ್ಳೆಯದಲ್ಲ. ಮೊದಲ ತಿಂಗಳುಗಳೇ ನಾಜೂಕು. ಡಾಕ್ಟರಿಗಾದರೂ ಗುಟ್ಟಾಗಿ ಹೇಳಿ ಎಕ್ಸರೇ ಕೆಲಸದಿಂದ ದೂರವಿರಬೇಕು. ಅಲ್ಟ್ರಾಸೌಂಡಿನಲ್ಲಿ ಈ ಕಿರಣ ಇಲ್ಲ, ಅದಕ್ಕೆ ಹೆದರಬೇಡಿ. ಹತ್ತು ಜನ ಮತ್ತು ಅದಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಇದೆ. ಇದು 2017ರಿಂದ ಬಂದದ್ದು.

ರೋಗಿಯನ್ನು ಒಬ್ಬಳೇ ಎತ್ತಿ ಬೆನ್ನು ಹಿಡಿಸಿಕೊಂಡವರು ಎಷ್ಟಿಲ್ಲ! ಇಬ್ಬರು ಸೇರಿ, ಸೊಂಟ ಬಗ್ಗಿಸದೆ ಮಂಡಿ ಮಡಿಸಿ, ಹತ್ತಿರ ನಿಂತು ಎತ್ತಬೇಕು. ಜೊತೆಗೆ ಬಂದ ನಾವೂ ಒಂದು ಕೈ ಕೊಡೋಣ.

ಮಾನದ ರಕ್ಷಣೆಯೂ ರಕ್ಷಣೆಯೇ

ಸೂಜಿಯ ಗಾಯದ ಹಾಗೆಯೇ ಮುಚ್ಚಿಡುವ ಇನ್ನೊಂದು ಗಾಯವಿದೆ. ಅರುಣಾ ಶಾನಭಾಗ ಅವರ ಹೆಸರು ಕೇಳಿರುತ್ತೀರಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳದೀಪುರದ ಹುಡುಗಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದರು. 1973ರ ನವೆಂಬರ್ 27ರಂದು ಕೆಲಸ ಮುಗಿಸಿ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅದೇ ಆಸ್ಪತ್ರೆಯ ಕೆಲಸಗಾರನೊಬ್ಬ ಅವರ ಮೇಲೆ ಬಿದ್ದು, ಕುತ್ತಿಗೆಗೆ ಸರಪಳಿ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ಸಾಯುವವರೆಗೆ 41 ವರ್ಷಕ್ಕೂ ಮೀರಿ ಅವರು ಹಾಸಿಗೆಯಲ್ಲೇ ಉಳಿದರು. ಅಷ್ಟೂ ವರ್ಷ ನೋಡಿಕೊಂಡವರು ಅಲ್ಲಿಯ ನರ್ಸುಗಳೇ. ಬಟ್ಟೆ ಬದಲಿಸಲು ಚಿಲಕವಿರುವ ಒಂದು ಕೋಣೆ, ಬೆಳಕು, ಕತ್ತಲಾದ ಮೇಲೆ ಒಬ್ಬಳನ್ನೇ ಬಿಡದಿರುವ ಕ್ರಮ ಇವು ಎಷ್ಟು ದೊಡ್ಡ ವಿಷಯ ಅಂತ ಆ ಕತೆ ಹೇಳುತ್ತದೆ.

2013ರ ಕಾಯಿದೆಯಂತೆ ಹತ್ತು ಜನ ಕೆಲಸ ಮಾಡುವ ಕಡೆ ಹೆಂಗಸರ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕ್ಲಿನಿಕ್ಕಿನವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಬರೆಯಬಹುದು. ಮೂರು ತಿಂಗಳೊಳಗೆ ಕೊಡಬೇಕು. ಡಾಕ್ಟರಾಗಲಿ, ಜೊತೆಯ ಕೆಲಸಗಾರನಾಗಲಿ, ರೋಗಿಯ ಸಂಬಂಧಿಕನಾಗಲಿ, ಯಾರ ಮೇಲಾದರೂ ಸರಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. ಸಿಟ್ಟಿನಲ್ಲಿ ಆಸ್ಪತ್ರೆಯವರ ಮೇಲೆ ಕೈ ಮಾಡುವವರಿಗೂ ಕರ್ನಾಟಕದಲ್ಲಿ 2009ರಿಂದ ಪ್ರತ್ಯೇಕ ಕಾಯಿದೆ ಇದೆ. ಅದು ಡಾಕ್ಟರಿಗೆ ಮಾತ್ರವಲ್ಲ, ನರ್ಸುಗಳಿಗೂ ರಕ್ಷಣೆ.

ಕೆಲಸಕ್ಕೆ ಕಳಿಸುವ ಮುಂಚೆ

ಮಗಳನ್ನೋ ಸೊಸೆಯನ್ನೋ ಕ್ಲಿನಿಕ್ಕಿನ ಕೆಲಸಕ್ಕೆ ಕಳಿಸುವಾಗ ಸಂಬಳ ಎಷ್ಟು ಎಂದು ಕೇಳುತ್ತೇವೆ. ಅದರ ಜೊತೆಗೆ ಇಷ್ಟು ಕೇಳಿ:

1. ಹೆಪಟೈಟಿಸ್ ಬಿ ಲಸಿಕೆ ಯಾವಾಗ ಹಾಕಿಸುತ್ತೀರಿ?
2. ಸೂಜಿ ಕತ್ತರಿಸುವ ಯಂತ್ರ, ಬಿಳಿ ಡಬ್ಬಿ ಇದೆಯೇ?
3. ಗ್ಲೌಸು, ಮಾಸ್ಕು ಸಾಕಷ್ಟು ಕೊಡುತ್ತೀರಾ?
4. ಚುಚ್ಚಿದರೆ ಯಾರಿಗೆ ಹೇಳಬೇಕು?
5. ಬಟ್ಟೆ ಬದಲಿಸಲು, ಊಟಕ್ಕೆ ಜಾಗ ಇದೆಯೇ?
6. ರಾತ್ರಿ ತಡವಾದರೆ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಯಾರು ಬರುತ್ತಾರೆ?

ಒಳ್ಳೆಯ ಡಾಕ್ಟರು ಇದಕ್ಕೆ ಬೇಸರಿಸುವುದಿಲ್ಲ. ನಮ್ಮ ಮನೆಯಲ್ಲೂ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ಇದ್ದಾರಲ್ಲ, ಆ ಸೂಜಿಗಳನ್ನು ಕಸದ ಚೀಲಕ್ಕೆ ಬಿಡಿಯಾಗಿ ಹಾಕಬೇಡಿ. ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿದು, "ಸೂಜಿ" ಎಂದು ಬರೆದು, ತೆಗೆದುಕೊಳ್ಳುವ ಕ್ಲಿನಿಕ್ಕಿಗೋ ಕಸದ ಗಾಡಿಯವರಿಗೋ ತಿಳಿಸಿ ಬೇರೆಯಾಗಿ ಕೊಡಿ. ಕಸ ಬೇರ್ಪಡಿಸುವ ಆ ತಾಯಿಗೂ ಮಕ್ಕಳಿದ್ದಾರೆ.

ಮುಂದಿನ ಸಲ ಇಂಜೆಕ್ಷನ್ನಿಗೆ ಹೋದಾಗ, ಸೋದರಿಯರೇ, ಆ ಹುಡುಗಿಯನ್ನು ಒಂದು ಮಾತು ಕೇಳಿ: "ನಿಂಗೆ ಮೂರೂ ಡೋಸು ಆಗಿದ್ಯಾ ಮಗ?" ಇಲ್ಲ ಅಂದರೆ, ಒಳಗೆ ಹೋದಾಗ ಡಾಕ್ಟರಿಗೂ ಆ ಮಾತು ನಗುನಗುತ್ತಲೇ ಹೇಳಿ ಬನ್ನಿ.